ದೂರದ ನಾಡಿನ ನೋವು, ನಮ್ಮ ಅಂಗಳದ ಹೊಣೆ

(ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ಮೊರಬದಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ದೇಶದ ಮೇಲೆ ಇನ್ನೊಂದು ದೇಶದ ಸೈನ್ಯ ದಂಡೆತ್ತಿ ಹೋದಾಗ ಸಾವಿರಾರು ಮೈಲಿ ದೂರದಲ್ಲಿರುವ ಸಾಮಾನ್ಯ ಜನರು ಏನು ಮಾಡಬೇಕು? ಅವರ ದುಃಖಕ್ಕೆ, ಸಿಟ್ಟಿಗೆ, ಪ್ರಾರ್ಥನೆಗೆ ಏನಾದರೂ ಬೆಲೆಯಿದೆಯೇ? ನಾವು ಇಂದು ನಿಮ್ಮ ಮುಂದೆ ಇಡಬಯಸುವ ಪ್ರಶ್ನೆ ಇದು.

ಈ ಪ್ರಶ್ನೆಗೆ ನಮ್ಮ ನಡುವೆ ಎರಡು ಬಗೆಯ ಉತ್ತರಗಳಿವೆ. ಮೊದಲನೆಯದು, "ಅಲ್ಲೇನಾದರೆ ನಮಗೇನು? ಮಳೆ ಬಂದರೆ ಹೊಲ, ಬಾರದಿದ್ದರೆ ಸಾಲ, ನಮ್ಮ ಚಿಂತೆಯೇ ನಮಗೆ ಸಾಕು" ಎಂಬುದು. ಎರಡನೆಯದು, ರಾತ್ರಿಯಿಡೀ ಮೊಬೈಲ್ ಹಿಡಿದು ಬಂದ ಚಿತ್ರವನ್ನೆಲ್ಲ ಹತ್ತು ಗುಂಪುಗಳಿಗೆ ಕಳುಹಿಸಿ, ತಾನು ದೊಡ್ಡದೊಂದು ಕರ್ತವ್ಯ ಮುಗಿಸಿದೆನೆಂದು ಮಲಗುವುದು. ಒಂದು ನಿರ್ಲಕ್ಷ್ಯ, ಇನ್ನೊಂದು ಆವೇಶ. ಈ ಎರಡನ್ನೂ ಬಿಟ್ಟು ಮೂರನೆಯ ದಾರಿಯೊಂದಿದೆ. ಅದು ಎಲ್ಲಿಂದಲೋ ತರಬೇಕಾದ ದಾರಿಯಲ್ಲ. ನಮ್ಮದೇ ಧಾರವಾಡದ ಜನ ನೂರು ವರ್ಷಗಳ ಹಿಂದೆ ನಡೆದ ದಾರಿ.

ಅದಕ್ಕೂ ಮೊದಲು ಒಂದು ಮಾತು. ದೂರದ ನಾಡಿನ ನೋವಿಗೆ ಮರುಗುವುದು ಈ ಸೀಮೆಗೆ ಹೊಸದೇನೂ ಅಲ್ಲ. ಕರ್ಬಲಾದಲ್ಲಿ ನೀರಿಲ್ಲದೆ ಬಳಲಿ, ಸುತ್ತುವರಿದ ಸೈನ್ಯದ ನಡುವೆ ಪ್ರಾಣ ಕೊಟ್ಟ ಹುಸೇನರ ಕಥೆ ನಡೆದದ್ದು ಕ್ರಿ.ಶ. 680ರಲ್ಲಿ, ಇಂದಿನ ಇರಾಕ್ ನೆಲದಲ್ಲಿ. ಯೂಫ್ರೆಟಿಸ್ ನದಿಯನ್ನು ಕನಸಿನಲ್ಲಿಯೂ ಕಾಣದ ನಮ್ಮ ಹಳ್ಳಿಗಳ ಜನ, ಹಿಂದೂಗಳು ಮುಸ್ಲಿಮರೆನ್ನದೆ, ತಲೆತಲಾಂತರದಿಂದ ಆ ದಾಹದ ಕಥೆಯನ್ನು ರಿವಾಯತ್ ಪದಗಳಲ್ಲಿ ಕನ್ನಡದಲ್ಲೇ ಹಾಡುತ್ತ ಬಂದಿದ್ದಾರೆ. ಮೊಹರಂ ಆಚರಣೆಯ ರೀತಿಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಅದನ್ನು ಚರ್ಚಿಸುವ ಸಭೆ ಇದಲ್ಲ. ಆದರೆ ಬಲಶಾಲಿಯ ಸೈನ್ಯ ಒಂದೆಡೆ, ನೀರಿಲ್ಲದ ಮಕ್ಕಳು ಇನ್ನೊಂದೆಡೆ ಇದ್ದಾಗ ಮನಸ್ಸು ಯಾವ ಕಡೆಗೆ ನಿಲ್ಲಬೇಕೆಂಬುದನ್ನು ಈ ಎರೆಭೂಮಿಯ ಒಕ್ಕಲಿಗನಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನು ಧಾರವಾಡದ ಕಥೆಗೆ ಬರೋಣ.

ಮೊದಲನೆಯ ಮಹಾಯುದ್ಧ ಮುಗಿದಾಗ ತುರ್ಕಿ ಸೋತಿತ್ತು. 1919ರ ಮೇ 15ರಂದು ಗ್ರೀಸಿನ ಸೈನ್ಯ ಸ್ಮಿರ್ನಾ ಬಂದರಿನಲ್ಲಿ ಇಳಿಯಿತು. ಅದುವೇ ಇಂದಿನ ಇಜ್ಮಿರ್ ನಗರ. 1920ರ ಮಾರ್ಚ್‌ನಲ್ಲಿ ಬ್ರಿಟನ್ ಮತ್ತು ಅದರ ಮಿತ್ರರು ಇಸ್ತಾಂಬುಲನ್ನು ಅಧಿಕೃತವಾಗಿಯೇ ತಮ್ಮ ಸೈನ್ಯದ ವಶಕ್ಕೆ ತೆಗೆದುಕೊಂಡರು. ಅದೇ ವರ್ಷದ ಆಗಸ್ಟ್ 10ರ ಸೆವ್ರ್ ಒಪ್ಪಂದದಲ್ಲಿ ಆ ದೇಶವನ್ನು ಹಂಚಿಕೊಳ್ಳುವ ಷರತ್ತುಗಳನ್ನು ಬರೆಯಲಾಯಿತು. ಭಾರತದಲ್ಲಿ ಖಿಲಾಫತ್ ಚಳವಳಿ ಹುಟ್ಟಿಕೊಂಡದ್ದು ಈ ಹಿನ್ನೆಲೆಯಲ್ಲಿ. 1919ರ ಅಕ್ಟೋಬರ್ 17ರಂದು ದೇಶದಾದ್ಯಂತ ಖಿಲಾಫತ್ ದಿನ ಆಚರಿಸಲಾಯಿತು. ಜನ ಉಪವಾಸವಿದ್ದರು, ಅಂಗಡಿಗಳನ್ನು ಮುಚ್ಚಿದರು. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಶೌಕತ್ ಅಲಿ ಜೊತೆಗೂಡಿ ಮಂಗಳೂರಿಗೂ ಬೆಂಗಳೂರಿಗೂ ಬಂದು ಅಸಹಕಾರದ ಸಂದೇಶ ಸಾರಿದರು.

ಆಗಲೂ ಕೆಲವರು ಕೇಳಿದರು: ತುರ್ಕಿ ಎಲ್ಲಿ, ಧಾರವಾಡ ಎಲ್ಲಿ? ಈ ಪ್ರಶ್ನೆಗೆ ಚಳವಳಿಗಾರರು ಕೊಟ್ಟ ಉತ್ತರ ಗಮನಾರ್ಹವಾದುದು. ಇಸ್ತಾಂಬುಲಿನ ಬೀದಿಯಲ್ಲಿ ಸೈನ್ಯ ನಿಲ್ಲಿಸಿದ ಸರಕಾರವೇ ಧಾರವಾಡದಲ್ಲಿಯೂ ಆಳುತ್ತಿತ್ತು. ಆ ಸರಕಾರದ ಬೊಕ್ಕಸಕ್ಕೆ ಮುಂಬಯಿ ಪ್ರಾಂತದಲ್ಲಿ ಬರುತ್ತಿದ್ದ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದು. ಅಂದರೆ ನಮ್ಮ ಊರಿನ ಕೂಲಿಕಾರ ತನ್ನ ಹೆಂಡತಿ ಮಕ್ಕಳ ಅನ್ನ ಕಸಿದು ಸಾರಾಯಿ ಅಂಗಡಿಯಲ್ಲಿ ಚೆಲ್ಲುತ್ತಿದ್ದ ಕಾಸು ಆ ದಬ್ಬಾಳಿಕೆಗೆ ಬಲ ಕೊಡುತ್ತಿತ್ತು. ಆದ್ದರಿಂದ ದೂರದ ಆಕ್ರಮಣವನ್ನು ವಿರೋಧಿಸುವವರು ಹತ್ತಿರದ ಮದ್ಯದಂಗಡಿಯ ಮುಂದೆ ಹೋಗಿ ನಿಂತರು. ಕೈಯಲ್ಲಿ ಆಯುಧವಿರಲಿಲ್ಲ. "ಕುಡಿಯಬೇಡಿ" ಎಂದು ಕೇಳಿಕೊಳ್ಳುವುದೇ ಅವರ ಹೋರಾಟವಾಗಿತ್ತು.

1921ರ ಜುಲೈ 1ರಂದು ಧಾರವಾಡದ ಜಕಣಿ ಬಾವಿಯ ಬಳಿ ಹೀಗೆ ಮದ್ಯದಂಗಡಿಯ ಮುಂದೆ ಜನ ಸೇರಿದ್ದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ್ ಸ್ವಯಂಸೇವಕರು ಪ್ರಾಣ ಕಳೆದುಕೊಂಡರು. ಅನೇಕರು ಗಾಯಗೊಂಡರು. ಘಟನೆಯ ವಿಚಾರಣೆಗೆಂದು ಕಾಂಗ್ರೆಸ್ ರಚಿಸಿದ ಸಮಿತಿಯಲ್ಲಿ ಅಬ್ಬಾಸ್ ತ್ಯಾಬ್ಜಿಯವರೂ ಇದ್ದರು. ತುರ್ಕಿಯ ನೋವಿಗೆ ಮರುಗಿದ ಧಾರವಾಡದ ಮೂವರು ಬಡವರು ಸತ್ತದ್ದು ತುರ್ಕಿಯ ರಣರಂಗದಲ್ಲಲ್ಲ. ತಮ್ಮ ಊರಿನ ಬೀದಿಯಲ್ಲಿ, ತಮ್ಮ ನೆರೆಯವನ ಮನೆ ಹಾಳಾಗಬಾರದೆಂದು ನಿಂತಿದ್ದಾಗ ಸತ್ತರು. ದೂರದ ದುಃಖವನ್ನು ಹತ್ತಿರದ ಒಳಿತನ್ನಾಗಿ ಮಾಡಿದವರು ಅವರು. ನಾವು ಮೊದಲು ಹೇಳಿದ ಮೂರನೆಯ ದಾರಿ ಇದೇ.

ಆದರೆ ಸಹೋದರರೇ, ಹೆಮ್ಮೆ ಪಡುವುದಕ್ಕಷ್ಟೇ ಇತಿಹಾಸ ಓದುವವರು ಅದರಿಂದ ಏನನ್ನೂ ಕಲಿಯುವುದಿಲ್ಲ. ಅದೇ ಚಳವಳಿಯ ಮೂರು ತಪ್ಪುಗಳನ್ನೂ ನಾವು ನೆನೆಯಬೇಕು.

ಮೊದಲನೆಯದು ಆವೇಶದ ತಪ್ಪು. 1920ರಲ್ಲಿ ಈ ದೇಶವನ್ನೇ ತೊರೆದು ಅಫಘಾನಿಸ್ತಾನಕ್ಕೆ ಹಿಜ್ರತ್ ಹೋಗಬೇಕೆಂಬ ಕರೆ ಹೊರಟಿತು. ಮುಖ್ಯವಾಗಿ ಸಿಂಧ್ ಮತ್ತು ವಾಯವ್ಯ ಗಡಿ ಪ್ರಾಂತದ ಹತ್ತಾರು ಸಾವಿರ ಬಡ ಜನ ಹೊಲಮನೆ ದನಕರುಗಳನ್ನು ಸಿಕ್ಕ ಬೆಲೆಗೆ ಮಾರಿ ಹೊರಟರು. ಆಗಸ್ಟ್‌ನಲ್ಲಿ ಅಫಘಾನ್ ಸರಕಾರ ಬಾಗಿಲು ಮುಚ್ಚಿತು. ಹಸಿವಿನಿಂದ, ರೋಗದಿಂದ ದಾರಿಯಲ್ಲೇ ಸತ್ತವರೆಷ್ಟೋ. ಮರಳಿ ಬಂದವರಿಗೆ ಮನೆಯಿರಲಿಲ್ಲ. ಕರೆ ಕೊಟ್ಟವರಲ್ಲಿ ಹೆಚ್ಚಿನವರು ತಾವು ಮನೆಯಲ್ಲೇ ಉಳಿದಿದ್ದರು.

ಎರಡನೆಯದು ಲೆಕ್ಕದ ತಪ್ಪು. ಸ್ಮಿರ್ನಾದ ಸಂತ್ರಸ್ತರಿಗೆಂದು, ಅಂಗೋರಾದ ಸರಕಾರಕ್ಕೆಂದು ಇಡೀ ದೇಶದಲ್ಲಿ ನಿಧಿ ಸಂಗ್ರಹವಾಯಿತು. ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಬಯಲಾದ ಸತ್ಯವೆಂದರೆ, ಕೇಂದ್ರ ಖಿಲಾಫತ್ ಸಮಿತಿಯ ಅಧ್ಯಕ್ಷರಾಗಿದ್ದ ಮುಂಬಯಿಯ ವ್ಯಾಪಾರಿ ಛೋಟಾನಿಯವರು ಸುಮಾರು 16 ಲಕ್ಷ ರೂಪಾಯಿಗಳನ್ನು ತಮ್ಮ ವ್ಯಾಪಾರದಲ್ಲಿ ತೊಡಗಿಸಿದ್ದರು. ಕೊನೆಗೆ ತಮ್ಮ ಮರದ ಗಿರಣಿಗಳನ್ನು ಸಮಿತಿಗೆ ಬಿಟ್ಟುಕೊಡಬೇಕಾಯಿತು. ಹಣಕ್ಕಿಂತ ದೊಡ್ಡ ನಷ್ಟ ಜನರ ವಿಶ್ವಾಸದ್ದು. ಅದನ್ನು ಯಾವ ಗಿರಣಿಯೂ ಮರಳಿ ತಂದುಕೊಡಲಿಲ್ಲ.

ಮೂರನೆಯದು ತಿಳಿವಳಿಕೆಯ ತಪ್ಪು. ನಾವು ಇಲ್ಲಿ ಯಾವ ಖಲೀಫನಿಗಾಗಿ ಕಣ್ಣೀರು ಹಾಕುತ್ತಿದ್ದೆವೋ, ಆ ಪೀಠವನ್ನು 1924ರ ಮಾರ್ಚ್ 3ರಂದು ತುರ್ಕಿಯವರೇ ರದ್ದುಗೊಳಿಸಿದರು. ಆಕ್ರಮಣಕಾರರನ್ನು ಹೊರಗಟ್ಟಿ 1922ರ ಸೆಪ್ಟೆಂಬರ್‌ನಲ್ಲಿ ಇಜ್ಮಿರನ್ನು ಮರಳಿ ಪಡೆದ ಅದೇ ತುರ್ಕಿಯವರು! ನಮ್ಮ ಹಿರಿಯರು ದಿಗ್ಭ್ರಾಂತರಾದರು. ಅಲ್ಲಿಯ ಜನ ಏನು ಬಯಸುತ್ತಿದ್ದಾರೆಂದು ಇಲ್ಲಿ ಹೆಚ್ಚಿನವರು ಕೇಳಿಯೇ ಇರಲಿಲ್ಲ. ತಮ್ಮ ಮನಸ್ಸಿನೊಳಗಿನ ತುರ್ಕಿಗಾಗಿ ಅತ್ತಿದ್ದರು. ಆಕ್ರಮಣಕ್ಕೊಳಗಾದ ಜನ ನಮ್ಮ ಕಲ್ಪನೆಯ ಗೊಂಬೆಗಳಲ್ಲ. ಅವರಿಗೆ ಅವರದೇ ಮಾತಿದೆ. ದೂರದಿಂದ ಮರುಗುವವನ ಮೊದಲ ಕೆಲಸ ಆ ಮಾತನ್ನು ಕೇಳಿಸಿಕೊಳ್ಳುವುದು.

ಈಗ ನಮ್ಮ ಕಾಲಕ್ಕೆ ಬರೋಣ. ಇಲ್ಲಿ ಒಂದು ಕಹಿಯಾದ ಆತ್ಮವಿಮರ್ಶೆ ಅಗತ್ಯವಿದೆ.

1990ರ ಆಗಸ್ಟ್ 2ರಂದು ಸದ್ದಾಮ್ ಹುಸೇನರ ಸೈನ್ಯ ಕುವೈಟನ್ನು ಆಕ್ರಮಿಸಿತು. ಚಿಕ್ಕದೊಂದು ದೇಶವನ್ನು ದೊಡ್ಡ ನೆರೆಯವನು ಕೆಲವೇ ಗಂಟೆಗಳಲ್ಲಿ ನುಂಗಿದನು. ಅಲ್ಲಿ ದುಡಿಯುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಬೀದಿಗೆ ಬಿದ್ದರು. ಅವರಲ್ಲಿ ನಮ್ಮ ಕರಾವಳಿಯ ಮನೆಗಳ ಮಕ್ಕಳೂ ಇದ್ದರು. ವರ್ಷಗಳ ಗಳಿಕೆ ಬಿಟ್ಟು, ಮರಳುಗಾಡು ದಾಟಿ, ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಬರಿಗೈಯಲ್ಲಿ ಊರಿಗೆ ಮರಳಿದರು. ಆಗ ನಾವೇನು ಮಾಡಿದೆವು? ಅಮೆರಿಕ ಯುದ್ಧಕ್ಕಿಳಿದೊಡನೆ ನಮ್ಮಲ್ಲಿ ಅನೇಕರು ಸದ್ದಾಮರ ಭಾವಚಿತ್ರ ಅಂಗಡಿಯಲ್ಲಿ ತೂಗುಹಾಕಿದರು. ಹುಟ್ಟಿದ ಗಂಡುಮಕ್ಕಳಿಗೆ ಅವರ ಹೆಸರಿಟ್ಟರು. ಅಮೆರಿಕದ ಬಾಂಬುಗಳನ್ನು ವಿರೋಧಿಸಿದ್ದು ಸರಿಯೇ. ಆದರೆ ಕುವೈಟಿನ ತಾಯಿಯ ಕಣ್ಣೀರು ನಮಗೆ ಕಾಣಲಿಲ್ಲವೇಕೆ? ಆಕ್ರಮಣ ಮಾಡಿದವನು ನಮ್ಮವನೆಂದು ತೋರಿದಾಗ ಆಕ್ರಮಣ ಎಂಬ ಪದವನ್ನೇ ನಾವು ಮರೆತೆವು.

ಹದಿಮೂರು ವರ್ಷಗಳ ಬಳಿಕ, 2003ರ ಮಾರ್ಚ್ 20ರಂದು, ಅದೇ ಇರಾಕ್ ತಾನೇ ಆಕ್ರಮಣಕ್ಕೊಳಗಾಯಿತು. ಅದಕ್ಕೆ ಮುನ್ನ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಚಿತ್ರಗಳನ್ನು ತೋರಿಸಿ, ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳಿವೆಯೆಂದು ಜಗತ್ತನ್ನು ನಂಬಿಸಲು ಯತ್ನಿಸಿದರು. ಅಂತಹ ಅಸ್ತ್ರಗಳ ಸಂಗ್ರಹ ಅಲ್ಲಿರಲಿಲ್ಲವೆಂದು ಅಮೆರಿಕವೇ ಕಳುಹಿಸಿದ ತನಿಖಾ ತಂಡ 2004ರಲ್ಲಿ ವರದಿ ಕೊಟ್ಟಿತು. ಅಷ್ಟರಲ್ಲಿ ಒಂದು ದೇಶ ಬೂದಿಯಾಗಿತ್ತು.

"ನಮ್ಮ ಪ್ರತಿಭಟನೆಯಿಂದ ಏನಾಯಿತು?" ಎಂದು ನಿರಾಶರಾಗುವವರಿಗೆ ನಾವು ಅದೇ ಯುದ್ಧದ ಇನ್ನೊಂದು ಪುಟವನ್ನು ತೋರಿಸಬಯಸುತ್ತೇವೆ. 2003ರ ಫೆಬ್ರವರಿ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಸಾಮಾನ್ಯ ಜನ ಯುದ್ಧ ಬೇಡವೆಂದು ಬೀದಿಗಿಳಿದರು. ಲಂಡನ್, ರೋಮ್, ಮ್ಯಾಡ್ರಿಡ್ ಬೀದಿಗಳಲ್ಲಿ ನಡೆದವರಲ್ಲಿ ಹೆಚ್ಚಿನವರು ಮುಸ್ಲಿಮರಲ್ಲ. ನಮ್ಮ ಲೋಕಸಭೆ ಏಪ್ರಿಲ್ 8ರಂದು ಆ ದಾಳಿಯನ್ನು ಖಂಡಿಸುವ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಬಳಿಕ ಇರಾಕಿಗೆ ಭಾರತದ ಸೈನಿಕರನ್ನು ಕಳುಹಿಸಬೇಕೆಂದು ಅಮೆರಿಕ ಒತ್ತಾಯಿಸಿತು. ಜುಲೈ 14ರಂದು ವಾಜಪೇಯಿಯವರ ಸರಕಾರ ಆಗುವುದಿಲ್ಲವೆಂದು ಹೇಳಿತು.

ಇದು ಸಣ್ಣ ವಿಷಯವೇ? ಮೊದಲನೆಯ ಮಹಾಯುದ್ಧದಲ್ಲಿ ಇದೇ ಇರಾಕಿನ ನೆಲದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿದ ಸೈನಿಕರಲ್ಲಿ ಬಹುಪಾಲು ಭಾರತೀಯರೇ. 1916ರ ಏಪ್ರಿಲ್‌ನಲ್ಲಿ ಕುತ್ ಎಂಬಲ್ಲಿ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಸಿಕ್ಕಿ, ಹಸಿದು ಶರಣಾದದ್ದು ಪುಣೆ ಡಿವಿಜನ್. 1918ರ ಸೆಪ್ಟೆಂಬರ್‌ನಲ್ಲಿ ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟವರಲ್ಲಿ ಮೈಸೂರು ಸಂಸ್ಥಾನದ ಅಶ್ವದಳದವರೂ ಇದ್ದರು. ಅಂದು ಯಾರೂ ನಮ್ಮನ್ನು ಕೇಳಲಿಲ್ಲ. 2003ರಲ್ಲಿ ಕೇಳಬೇಕಾಯಿತು, ನಾವು ಒಲ್ಲೆವೆಂದೆವು. ಆ ನಿರ್ಧಾರಕ್ಕೆ ಕಾರಣಗಳು ಹಲವು. ಆದರೆ ಜನಾಭಿಪ್ರಾಯ ಅವುಗಳಲ್ಲಿ ಒಂದಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆ ಜನಾಭಿಪ್ರಾಯದಿಂದ ಬಾಗ್ದಾದಿನ ಮೇಲಿನ ಬಾಂಬು ನಿಲ್ಲಲಿಲ್ಲ, ನಿಜ. ಆದರೆ ಅಲ್ಲಿಯ ಮಗುವಿನ ಎದುರು ನಮ್ಮ ಊರಿನ ಹುಡುಗನೊಬ್ಬ ಬಂದೂಕು ಹಿಡಿದು ನಿಲ್ಲುವ ಪಾಪ ತಪ್ಪಿತು.

2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿನ ಗಡಿ ದಾಟಿತು. ಆಗ ನಮ್ಮ ಕುಟುಂಬಗಳಲ್ಲಿ ಕೇಳಿಬಂದ ಮಾತುಗಳನ್ನು ನೆನಪಿಸಿಕೊಳ್ಳಿ. "ಇರಾಕಿನ ಮೇಲೆ ಬಾಂಬು ಬಿದ್ದಾಗ ಇವರೆಲ್ಲಿದ್ದರು? ಈಗ ತಮಗೇ ಬಂದಿದೆ, ಅನುಭವಿಸಲಿ" ಎಂದವರಿದ್ದಾರೆ. ಪಾಶ್ಚಾತ್ಯರ ಇಬ್ಬಂದಿತನದ ಬಗೆಗಿನ ಸಿಟ್ಟು ಆಧಾರವಿಲ್ಲದ್ದಲ್ಲ. ಉಕ್ರೇನ್ ಇರಾಕಿನಂತಹ, ಅಫಘಾನಿಸ್ತಾನದಂತಹ ನಾಡಲ್ಲ, ಸುಸಂಸ್ಕೃತ ನಾಡು ಎಂಬರ್ಥದ ಮಾತನ್ನಾಡಿ ಅಮೆರಿಕದ ಟಿ.ವಿ. ವರದಿಗಾರನೊಬ್ಬ ಆಮೇಲೆ ಕ್ಷಮೆ ಕೇಳಬೇಕಾಯಿತು. ಬಾಗ್ದಾದಿನ ಮಗುವಿಗೊಂದು ತಕ್ಕಡಿ, ಕೀವ್‌ನ ಮಗುವಿಗೊಂದು ತಕ್ಕಡಿ ಇದ್ದದ್ದು ಸುಳ್ಳಲ್ಲ. ಆದರೆ ನಮ್ಮ ಪ್ರಶ್ನೆ ಇಷ್ಟೇ: ಮೋಸದ ತಕ್ಕಡಿಗೆ ಉತ್ತರ ನಾವೂ ಒಂದು ಮೋಸದ ತಕ್ಕಡಿ ಹಿಡಿಯುವುದೇ? ಕೀವ್‌ನ ಮಗು ಬಾಗ್ದಾದಿನ ಮೇಲೆ ಬಾಂಬು ಹಾಕಿತ್ತೇ?

ಉಕ್ರೇನಿನಲ್ಲಿ ಮುಸ್ಲಿಮರೂ ಇದ್ದಾರೆ. ಕ್ರೈಮಿಯದ ತಾತಾರರನ್ನು 1944ರ ಮೇ ತಿಂಗಳಲ್ಲಿ ಸ್ಟಾಲಿನ್ ಇಡೀ ಸಮುದಾಯವಾಗಿ ತಾಯ್ನೆಲದಿಂದ ಕಿತ್ತು ಮಧ್ಯ ಏಷ್ಯಾಕ್ಕೆ ಸಾಗಿಸಿದರು. ದಶಕಗಳ ಬಳಿಕ ಮರಳಿ ಬಂದವರ ನೆಲವನ್ನು 2014ರಲ್ಲಿ ರಷ್ಯಾ ಮತ್ತೆ ವಶಪಡಿಸಿಕೊಂಡಿತು. ಈ ಸಂಗತಿ ಕೇಳಿದ ಕೂಡಲೇ ಉಕ್ರೇನಿನ ಬಗ್ಗೆ ನಿಮ್ಮಲ್ಲಿ ಕನಿಕರ ಹೆಚ್ಚಾಯಿತೇ? ಹೌದಾದರೆ, ನಾವು ಹೇಳುತ್ತಿರುವ ರೋಗ ಅದೇ. ಸತ್ತವನ ಹೆಸರು ಕೇಳಿ ಆಮೇಲೆ ಅಳುವ ರೋಗ. ಆ ರೋಗ ಪಾಶ್ಚಾತ್ಯರಿಗೆ ಮಾತ್ರ ಅಂಟಿದ್ದಲ್ಲ.

ಆ ಯುದ್ಧ ದೂರದಲ್ಲಿಯೂ ಉಳಿಯಲಿಲ್ಲ. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ ನಿಮಗೆ ಗೊತ್ತಿರಬೇಕು. ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಟೋಲ್ ನಾಕಾ ಇರುವ ಊರು. 1997ರವರೆಗೆ ಆ ಊರೂ ನಮ್ಮ ಧಾರವಾಡ ಜಿಲ್ಲೆಯದೇ. ಆ ಊರಿನ ನವೀನ್ ಗ್ಯಾನಗೌಡರ್ ಎಂಬ 21 ವರ್ಷದ ಯುವಕ ಉಕ್ರೇನಿನ ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದನು. 2022ರ ಮಾರ್ಚ್ 1ರಂದು ಆಹಾರ ತರಲು ಹೊರಗೆ ಹೋದವನು ಶೆಲ್ ದಾಳಿಗೆ ಬಲಿಯಾದನು. ಮೃತದೇಹ ಊರಿಗೆ ಬಂದದ್ದು ಮಾರ್ಚ್ 21ರಂದು. ಮಗನನ್ನು ವೈದ್ಯನನ್ನಾಗಿ ಮಾಡಬೇಕೆಂದಿದ್ದ ತಂದೆತಾಯಿಗಳು ಅವನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ತಮ್ಮ ಮಗ ಓದಲಾಗದ್ದನ್ನು ಬೇರೆಯವರ ಮಕ್ಕಳು ಅವನ ದೇಹದಿಂದ ಓದಿ ಕಲಿಯಲಿ ಎಂಬುದಕ್ಕಿಂತ ದೊಡ್ಡ ಮಾತು ಯಾವುದಿದೆ? ಆಕ್ರಮಣಕ್ಕೆ ಪ್ರತೀಕಾರದ ಮಾತಿಲ್ಲದೆ, ಒಳಿತಿನಿಂದ ಉತ್ತರ ಕೊಟ್ಟ ಮನೆ ಅದು. ಆ ದಿನಗಳಲ್ಲಿ ಸುಮಾರು 22,500 ಭಾರತೀಯರು ಉಕ್ರೇನಿನಿಂದ ಮರಳಿದರು. ಅವರಲ್ಲಿ ಎಲ್ಲ ಧರ್ಮದ ಮಕ್ಕಳಿದ್ದರು. ನೆಲಮಾಳಿಗೆಯಲ್ಲಿ ಒಂದೇ ಬ್ರೆಡ್ ಹಂಚಿಕೊಂಡವರ ನಡುವೆ ಜಾತಿ ಧರ್ಮದ ಲೆಕ್ಕ ಇರಲಾರದು.

"ನಮಗೇನು?" ಎಂದವರ ಒಲೆಯ ಮೇಲಿನ ಬಾಣಲೆಗೂ ಆ ಯುದ್ಧ ಬಂತು. ನಾವು ಹೊರಗಿನಿಂದ ತರಿಸುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆಗ ಉಕ್ರೇನ್ ಮತ್ತು ರಷ್ಯಾಗಳಿಂದ ಬರುತ್ತಿತ್ತು. 2022ರ ಮಾರ್ಚ್‌ನಲ್ಲಿ ಎಣ್ಣೆಯ ದರ ಏರಿದ್ದನ್ನು ನಮ್ಮ ತಾಯಂದಿರು ಮರೆತಿರಲಿಕ್ಕಿಲ್ಲ. ಪೊಟ್ಯಾಷ್ ಗೊಬ್ಬರಕ್ಕೆ ರೈತರು ಪರದಾಡಿದರು. ಇದೂ ಹೊಸದಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ ಇದೇ ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತ್ತು. ಯುದ್ಧ ಮುಗಿದೊಡನೆ ಬೆಲೆ ಕುಸಿದು ಅನೇಕರು ಸಾಲದಲ್ಲಿ ಮುಳುಗಿದರು. ಇನ್ನೊಬ್ಬರ ಯುದ್ಧ ಲಾಭವಾಗಿ ಬಂದರೂ ನಷ್ಟವಾಗಿ ಬಂದರೂ ನಮ್ಮ ಹೊಲದ ಬದುವನ್ನು ದಾಟಿಯೇ ಬರುತ್ತದೆ.

ಇನ್ನು ಗಾಝಾ. ಇದರ ಬಗ್ಗೆ ನೀವು ಎಷ್ಟು ನೊಂದಿದ್ದೀರೆಂದು ನಾವು ಬಲ್ಲೆವು. 2023ರ ಅಕ್ಟೋಬರ್ ಬಳಿಕ ಅಲ್ಲಿ ಹತ್ತಾರು ಸಾವಿರ ಜನರು ಕೊಲ್ಲಲ್ಪಟ್ಟರು. ಅವರಲ್ಲಿ ಮಕ್ಕಳ ಸಂಖ್ಯೆ ಎಷ್ಟೆಂದು ನೆನೆದರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಈ ದುಃಖಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಪ್ಯಾಲೆಸ್ತೀನಿನ ಪರ ಮಾತಾಡಿದವರನ್ನು "ನಿಮ್ಮ ನಿಷ್ಠೆ ಎಲ್ಲಿ?" ಎಂದು ಕೇಳುವವರು 1988ರಲ್ಲಿ ಪ್ಯಾಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡಿದ ಮೊದಲ ದೇಶಗಳ ಸಾಲಿನಲ್ಲಿ ಭಾರತವೂ ಇತ್ತೆಂಬುದನ್ನು ಮರೆಯಬಾರದು. ಆದರೆ ಒಂದೇ ತಕ್ಕಡಿಯ ಮಾತಾಡಿದ ಮೇಲೆ ಇದನ್ನೂ ಹೇಳಲೇಬೇಕು. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಜನರು ಕೊಲ್ಲಲ್ಪಟ್ಟರು, ಅವರಲ್ಲಿ ಹೆಚ್ಚಿನವರು ಸೈನಿಕರಲ್ಲ. ಅದಕ್ಕೂ ಮರುಗುವ ಮನಸ್ಸು ನಮಗಿರಬೇಕು. ಅದಕ್ಕೆ ಮರುಗಿದರೆ ಗಾಝಾದ ಮಗುವಿನ ಪರವಾದ ನಮ್ಮ ಮಾತು ದುರ್ಬಲವಾಗುವುದಿಲ್ಲ. ಅದರ ತೂಕ ಹೆಚ್ಚುತ್ತದೆ. ದ್ವೇಷದಲ್ಲಿಯೂ ನ್ಯಾಯ ಬಿಡಬಾರದೆಂದು ಮಕ್ಕಳಿಗೆ ಕಲಿಸುವವರು ನಾವು. ಕಲಿಸಿದ್ದನ್ನು ಆಚರಿಸುವ ಪರೀಕ್ಷೆ ಬರುವುದು ಇಂತಹ ಹೊತ್ತಿನಲ್ಲಿಯೇ.

ಹಾಗಾದರೆ ನಾವು ಮಾಡಬೇಕಾದದ್ದೇನು? ನಾಲ್ಕು ಮಾತುಗಳನ್ನು ಹೇಳಿ ಮುಗಿಸುತ್ತೇವೆ.

ಒಂದು, ಸುದ್ದಿಯನ್ನು ಸೋಸಿರಿ. ಅರ್ಮಾ 3 ಎಂಬ ವಿಡಿಯೊ ಗೇಮಿನ ದೃಶ್ಯಗಳನ್ನು ಉಕ್ರೇನಿನ ಯುದ್ಧವೆಂದೂ ಗಾಝಾದ ಯುದ್ಧವೆಂದೂ ಜಗತ್ತಿನಾದ್ಯಂತ ಹಂಚಲಾಯಿತು. ಆ ಆಟ ತಯಾರಿಸಿದ ಕಂಪನಿಯೇ ಮುಂದೆ ಬಂದು ಇದು ನಿಜವಲ್ಲವೆಂದು ಹೇಳಬೇಕಾಯಿತು. ಒಂದು ಸುಳ್ಳು ಚಿತ್ರ ಕಳುಹಿಸಿದವನು ಹತ್ತು ನಿಜವಾದ ಚಿತ್ರಗಳನ್ನು ಸುಳ್ಳಾಗಿಸುತ್ತಾನೆ. ಮರ್ದಿತರಿಗೆ ಸತ್ಯವೊಂದೇ ಆಸ್ತಿ. ಅದನ್ನು ನಾವು ಹಾಳು ಮಾಡಬಾರದು. ಇರಾಕನ್ನು ನಾಶ ಮಾಡಿದ್ದೂ ಒಂದು ಸುಳ್ಳೇ ಅಲ್ಲವೇ?

ಎರಡು, ಕೊಡುವುದಾದರೆ ಲೆಕ್ಕ ಕೇಳಿ ಕೊಡಿರಿ. ನಾಲ್ಕಾಣೆ ಕೊಟ್ಟವನಿಗೂ ಲೆಕ್ಕ ಕೇಳುವ ಹಕ್ಕಿದೆ. ಸಂಗ್ರಹಿಸುವವರು ರಸೀದಿ ಕೊಡಬೇಕು, ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಸಭೆಯಲ್ಲಿ ಓದಿ ಹೇಳಬೇಕು, ಕಾನೂನಿನ ದಾರಿಯಲ್ಲಿಯೇ ಕಳುಹಿಸಬೇಕು. ಲೆಕ್ಕ ಕೇಳುವುದು ಅವಮಾನವಲ್ಲ. ಅಂದು ಯಾರಾದರೂ ಕೇಳಿದ್ದರೆ ಖಿಲಾಫತ್ ನಿಧಿಯ ಆ ಗತಿ ಆಗುತ್ತಿರಲಿಲ್ಲ.

ಮೂರು, ದೂರದ ಸಿಟ್ಟನ್ನು ನೆರೆಯವನ ಮೇಲೆ ತೀರಿಸಬೇಡಿರಿ. ವಾಷಿಂಗ್ಟನ್ನಿನಲ್ಲಿಯೋ ಟೆಲ್ ಅವೀವ್‌ನಲ್ಲಿಯೋ ತೆಗೆದುಕೊಂಡ ನಿರ್ಣಯಕ್ಕೆ ಮೊರಬದ ಪಕ್ಕದ ಓಣಿಯವನು ಹೊಣೆಯಲ್ಲ. ಒಂದು ಮೆರವಣಿಗೆಯಿಂದ ಊರಿನಲ್ಲಿ ಬಿರುಕು ಬೀಳುವುದಾದರೆ ಅದರಿಂದ ಗಾಝಾಕ್ಕೆ ಸಿಕ್ಕಿದ್ದೇನು? ಬೆಣ್ಣೆಹಳ್ಳ, ತುಪ್ಪರಿಹಳ್ಳಗಳಿಗೆ ನೆರೆ ಬಂದಾಗ ನೀರು ಯಾರ ಮನೆಯೆಂದು ಕೇಳಿ ಒಳಗೆ ಹೊಗುವುದಿಲ್ಲ. ಆಗ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯಲೇಬೇಕು. ಆ ಕೈಯನ್ನು ಇಂದು ಕಳೆದುಕೊಳ್ಳಬಾರದು.

ನಾಲ್ಕನೆಯದೇ ಮುಖ್ಯವಾದುದು. ನಿಮ್ಮ ದುಃಖವನ್ನು ಒಂದು ಕೆಲಸವನ್ನಾಗಿ ಮಾಡಿರಿ. ಕನ್ನಡಿಗರೂ ಬಹುಸಂಖ್ಯೆಯಲ್ಲಿರುವ ಗಡಿಯ ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಜಪಾನಿನ ಆಕ್ರಮಣಕ್ಕೊಳಗಾದ ಚೀನಾಕ್ಕೆ 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಹೋದರು. ಗಾಯಾಳುಗಳ ಸೇವೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಚೀನೀಯರು ಅವರ ಭಾಷೆಯವರಲ್ಲ, ಧರ್ಮದವರಲ್ಲ. ಅದಕ್ಕೂ ಮೊದಲು, 1912ರ ಕೊನೆಯಲ್ಲಿ, ಡಾಕ್ಟರ್ ಎಂ.ಎ. ಅನ್ಸಾರಿಯವರು ಬಾಲ್ಕನ್ ಯುದ್ಧದ ಗಾಯಾಳುಗಳಿಗಾಗಿ ತುರ್ಕಿಗೆ ವೈದ್ಯರ ತಂಡ ಕರೆದೊಯ್ದಿದ್ದರು. ಎಲ್ಲರೂ ಕೋಟ್ನಿಸ್ ಆಗಲಾರರು. ಆದರೆ ಧಾರವಾಡದ ಆ ಮೂವರ ದಾರಿ ಎಲ್ಲರಿಗೂ ತೆರೆದಿದೆ. ಗಾಝಾದ ಶಾಲೆ ಉರುಳಿದ್ದಕ್ಕೆ ಅತ್ತವನು ತನ್ನ ಓಣಿಯಲ್ಲಿ ಶಾಲೆ ಬಿಟ್ಟ ಮಗುವನ್ನು ಮರಳಿ ಸೇರಿಸಲಿ. ಅಲ್ಲಿಯ ಆಸ್ಪತ್ರೆಗಾಗಿ ನೊಂದವಳು ಇಲ್ಲಿ ಒಬ್ಬ ಬಡ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸಲಿ. ಅಲ್ಲಿಯ ನೀರಿಲ್ಲದ ಮಕ್ಕಳನ್ನು ನೆನೆದವರು ಇಲ್ಲಿಯ ಸಾರಾಯಿಯಿಂದ ಹಾಳಾಗುತ್ತಿರುವ ಮನೆಯ ಬಾಗಿಲು ತಟ್ಟಲಿ. ಆ ಮನೆ ಯಾರದೆಂದು ಕೇಳಬಾರದು.

ಮುಂದಿನ ಸಲ ಧಾರವಾಡಕ್ಕೆ ಹೋದಾಗ ನಿಮ್ಮ ಮಕ್ಕಳ ಕೈ ಹಿಡಿದು ಜಕಣಿ ಬಾವಿಯ ಹುತಾತ್ಮ ಸ್ಮಾರಕದ ಮುಂದೆ ಒಂದು ಗಳಿಗೆ ನಿಲ್ಲಿರಿ. "ಇವರು ಯಾಕೆ ಸತ್ತರಪ್ಪಾ?" ಎಂದು ಮಗು ಕೇಳಿದರೆ, "ದೂರದ ಒಂದು ನಾಡಿಗೆ ಅನ್ಯಾಯವಾಗಿತ್ತು ಕಂದಾ, ಅದಕ್ಕಾಗಿ ಇವರು ತಮ್ಮ ಊರನ್ನು ತಿದ್ದಲು ಹೊರಟಿದ್ದರು" ಎಂದು ಹೇಳಿರಿ. ಆ ಮಾತು ಮಗುವಿಗೆ ಇಂದು ಪೂರ್ತಿ ಅರ್ಥವಾಗದಿರಬಹುದು. ನಾವು ಹಾಗೆ ಬದುಕಿ ತೋರಿಸಿದರೆ ಮುಂದೊಂದು ದಿನ ಅರ್ಥವಾಗುತ್ತದೆ.